ಭಾರವಿಲ್ಲದ ಮಗು

ಗಂಡನ ಮುಂಗೈ ಸುಟ್ಟದ್ದು ಚಹಾ ಚೆಲ್ಲಿ ಅಲ್ಲ ಎಂಬುದು ದೇವಿಗೆ ಅವತ್ತೇ ಗೊತ್ತಾಗಿತ್ತು. ಶಿರಸಿಯ ಅಗ್ನಿಶಾಮಕ ಠಾಣೆಗೆ ಸೇರಿದಂದಿನಿಂದ ಸುನೀಲ ಹೀಗೆಯೇ. ಎಂಥ ಬೆಂಕಿಗೆ ಹೋಗಿ ಬಂದರೂ ಮಿಂದು, ಉಂಡು, ಗದ್ದೆಯ ಸುದ್ದಿ ಮಾತಾಡಿ ಮಲಗಿಬಿಡುವವ. ಮಂಚಿಕೇರಿ ಕಡೆ ಮನೆಯೊಂದು ಉರಿದ ವಿಷಯ ಅವಳಿಗೆ ತಿಳಿದದ್ದು ಮೀನು ತರುವವಳಿಂದ. ಕೈ ತೋರಿಸಿ ಕೇಳಿದರೆ, "ಎಂತ ಇಲ್ಲ, ಚಾ ಚೆಲ್ತು" ಅಂದಿದ್ದ. ಗಾಯ ಕಂಡು ಆದ ಸಂಕಟಕ್ಕಿಂತ ಆ ಸುಳ್ಳು ಕೇಳಿ ಆದದ್ದೇ ದೊಡ್ಡದು.

ಒಂದು ದಿನ ಪೇಟೆಗೆ ಬಂದವಳು ಠಾಣೆಗೆ ಹೊಕ್ಕಳು. ಒಳಗೆ ಸಿಬ್ಬಂದಿಯೊಬ್ಬ ಕಣ್ಣಿಗೆ ದಪ್ಪನೆಯ ಕಪ್ಪು ಕನ್ನಡಕ ಕಟ್ಟಿಕೊಂಡು, ಇಲ್ಲದ ಗೋಡೆ ತಡವುತ್ತ ನಡೆಯುತ್ತಿದ್ದ. ದೇವಿಗೆ ನಗು ತಡೆಯಲಾಗಲಿಲ್ಲ. ತರಬೇತಿ ಕೊಡಲು ಬಂದಿದ್ದ ಸಮೃದ್ಧಿಯೂ ನಕ್ಕಳು.

"ನೀವೂ ನೋಡ್ತೀರಾ ಅಕ್ಕಾ? ಬೆಂಕಿ ಬಿದ್ದ ಮನೆಯೊಳಗೇ ಇದ್ದ ಹಾಗೆ ಕಾಣುತ್ತೆ."

"ಅವಳಿಗೆ ಬೇಡ," ಎಂದ ಸುನೀಲ ತಟಕ್ಕನೆ.

ಅದಕ್ಕೇ ದೇವಿ ಕೈಚಾಚಿದಳು. "ಕೊಡಿ."

ಸಮೃದ್ಧಿ ಕನ್ನಡಕ ಕಟ್ಟಿ ಕೈಗೊಂದು ಹಿಡಿಕೆ ಕೊಟ್ಟದ್ದೇ ತಡ, ಠಾಣೆ ಮಾಯವಾಯಿತು. ಯಾರದೋ ಅಡುಗೆಮನೆ. ಬೆಂಕಿ ಗೋಡೆ ಹತ್ತುತ್ತಿತ್ತು, ಹೊಗೆ ಮಾಡಿನಿಂದ ಕೆಳಗಿಳಿಯುತ್ತಿತ್ತು. ಬಿಸಿಯಿರಲಿಲ್ಲ, ಆದರೂ ಅವಳ ಕುತ್ತಿಗೆ ಬೆವರಿತು. ಎಲ್ಲೋ ಮಗು ಅಳುತ್ತಿತ್ತು.

"ಬಗ್ಗು. ಕೆಳಗೆ ಹೊಗೆ ಕಮ್ಮಿ," ಸುನೀಲನ ದನಿ ಹತ್ತಿರದಿಂದಲೇ ಬಂತು. "ಗೋಡೆ ಬಿಡಬೇಡ."

ಗೋಡೆ ತಾಗಿದಾಗಲೆಲ್ಲ ಕೈಯಲ್ಲಿದ್ದ ಹಿಡಿಕೆ ಅದುರುತ್ತಿತ್ತು. ಅವಳು ಮಂಡಿಯೂರಿ ಸಾಗಿದಳು. ಮಗು ಮಂಚದಡಿ ಸಿಕ್ಕಿತು. ಎತ್ತಿ ಎದೆಗವಚಿಕೊಂಡು ತಿರುಗಿದರೆ ಎಲ್ಲವೂ ಕಪ್ಪು.

"ಬಾಗ್ಲೇ ಕಾಣ್ತಿಲ್ರೀ!"

"ಕಾಣಲ್ಲ. ಹೋದ ಗೋಡೆನೇ ಹಿಡ್ಕಂಡು ಬಾ. ನಾ ಇಲ್ಲೇ ಇದ್ದೆ."

ಬೆಳಕು ಕಂಡಿತು. ಸಮೃದ್ಧಿ ಕನ್ನಡಕ ತೆಗೆದಾಗಲೂ ದೇವಿಯ ಒಂದು ತೋಳು ಮಗುವನ್ನು ಹಿಡಿದಂತೆಯೇ ಮಡಚಿಕೊಂಡಿತ್ತು.

"ಮಗು ಭಾರನೇ ಇಲ್ಲ," ಎಂದವಳೇ ಅತ್ತುಬಿಟ್ಟಳು.

ಸುನೀಲ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟ.

"ನಿಜದ್ದು ಭಾರ ಇರ್ತದಲ್ಲ?"

"ಇರ್ತದೆ."

"ಮಂಚಿಕೇರಿಲಿ ಎಂತ ಆಯ್ತು?"

"ನೀ ಹೆದರ್ತೆ ಅಂತ ಹೇಳಲಿಲ್ಲ."

"ಹೇಳ್ದಿದ್ರೆ ಹೆದರಿಕೆ ಇಲ್ಲ ಅಂದ್ಕಂಡ್ರಾ? ಮನೇಲಿ ಒಬ್ಳೇ ಕೂತು ಇದಕ್ಕಿಂತ ದೊಡ್ಡ ಬೆಂಕಿ ಕಾಣ್ತೆ ನಾನು."

ಅವನು ಮುಂಗೈಯ ಗಾಯದ ಮೇಲೆ ಬೆರಳಾಡಿಸಿದ. ಆಮೇಲೆ ಹೇಳಿದ. ಉರಿಯುವ ಆ ಮನೆಯೊಳಗೆ ಚೌಡಮ್ಮ ಎಂಬ ಅಜ್ಜಿ ಸಿಕ್ಕಿಬಿದ್ದಿದ್ದಳು. ಬೆನ್ನ ಮೇಲೆ ಹೊತ್ತು ತರುವಾಗ ಉರಿಯುವ ಬಾಗಿಲ ಚೌಕಟ್ಟು ಕೈಗೆ ತಾಗಿತ್ತು. ಕಾವು ಕೂತ ಕೋಳಿಯನ್ನು ಬಿಟ್ಟುಬಂದನೆಂದು ಅಜ್ಜಿ ದಾರಿಯುದ್ದ ಅವನ ತಲೆಗೆ ಕುಟ್ಟಿದ್ದಳು.

"ಕೋಳಿ?"

"ಅದು ನಂಗಿಂತ ಮೊದ್ಲೇ ಹೊರಗಿತ್ತು."

ದೇವಿ ಅಳುತ್ತಲೇ ನಕ್ಕಳು. "ನಿಮಗೂ ಹೆದರಿಕೆ ಆತಾ?"

"ಹ್ಞೂಂ," ಎಂದ. ಈ ಮಾತನ್ನು ಅವನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಒಳಗಿಂದ ಅವನ ಸರದಿ ಬಂತೆಂದು ಕರೆದರು. ಸುನೀಲ ಏಳಲಿಲ್ಲ. ನಿಲ್ಕುಂದದ ಕಾಡಿಗೆ ಬಿದ್ದ ಬೆಂಕಿ, ವಜ್ರಳ್ಳಿಯಲ್ಲಿ ಉರಿದ ಲಾರಿ, ಒಂದೊಂದನ್ನೇ ಹೇಳುತ್ತ ಹೋದ. ದೇವಿ ಅವನ ಪಕ್ಕಕ್ಕೆ ಸರಿದು ಕೂತು, "ಆಮೇಲೆ?" ಎಂದಳು.