ಟೊಂಕದ ಮೇಲಿನ ಕೂಸು

ನಾಲ್ಕು ವರ್ಷದ ಸಿದ್ದವ್ವ ಹೆತ್ತ ತಾಯಿ ಗುರುಬಾಯಿಯ ಕೈಯಲ್ಲಿ ಒಂದು ತುತ್ತನ್ನೂ ನೆಟ್ಟಗೆ ನುಂಗುತ್ತಿರಲಿಲ್ಲ. ಕಾಕು, ಎಂದರೆ ಚಿಕ್ಕಮ್ಮ ಉಮಾಬಾಯಿಯ ಕೈಯಲ್ಲಾದರೆ ಬಟ್ಟಲು ಖಾಲಿ. ಗುರುಬಾಯಿಯ ಹೊಟ್ಟೆ ಉರಿಯಲು ಇಷ್ಟು ಸಾಕಾಗಿತ್ತು.

ವಳಸಂಗದ ಆ ಮನೆಯಲ್ಲಿ ಅಣ್ಣತಮ್ಮಂದಿರದು ಒಂದೇ ಒಲೆ. ಗುರುಬಾಯಿ ಹಿರಿಸೊಸೆ, ಉಮಾಬಾಯಿ ಕಿರಿಯಳು. ಉಮಾಬಾಯಿಗೆ ಅಂಗಳದ ಧೂಳೆಬ್ಬಿಸುವ ಮೂರು ಗಂಡು. ಗುರುಬಾಯಿಗೆ ಇದೊಂದೇ, ಹುಟ್ಟುವಾಗ ನೀಲಿಗಟ್ಟಿ, ಅಳದೆ ಬಂದ ಕೂಸು. ಕಾಲು ಕತ್ತರಿಯಂತೆ ಬಿಗಿದಿದ್ದವು, ಮುಷ್ಟಿ ಬಿಚ್ಚುತ್ತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಅಕ್ಕಲಕೋಟದ ಸ್ವಾಮಿಗಳ ಅಂಗಾರ ತಂದು ವಿಭೂತಿಯಂತೆ ಹಣೆಗೆ ಹಚ್ಚಿದ್ದೂ ಆಗಿತ್ತು.

ಗುರುಬಾಯಿ ಮಗಳನ್ನು ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿ ಅಂಬಲಿ ಹನಿಸುವಳು. ಊರಲ್ಲೆಲ್ಲ ಕೂಸಿಗೆ ಕುಡಿಸುವುದು ಹಾಗೆಯೇ. ಮಗು ಸೆಟೆದು ಕೆಮ್ಮುವುದು. ಉಮಾಬಾಯಿಗೆ ಕುಳಿತುಕೊಳ್ಳಲು ಪುರುಸೊತ್ತೆಲ್ಲಿ? ಅದನ್ನು ಟೊಂಕದ ಮೇಲೇರಿಸಿಕೊಂಡು ಓಡಾಡುತ್ತಲೇ ತುತ್ತಿಡುವಳು.

“ಮೂರು ಹಡದಾಳ, ನಂದೂ ಬೇಕಾಗೇತಿ ಆಕಿಗಿ. ಏನೋ ಮದ್ದು ಹಾಕ್ಯಾಳ,” ಎಂದು ಗುರುಬಾಯಿ ಗಂಡ ಅಮೃತಪ್ಪನ ಮುಂದೆ ಕುದಿದಳು. ಒಂದು ದಿನ ನೆಗೆಣ್ಣಿಯ ಟೊಂಕದಿಂದ ಮಗುವನ್ನು ಕಿತ್ತುಕೊಂಡೇಬಿಟ್ಟಳು.

“ಇನ್ನ ಮ್ಯಾಲ ನನ್ನ ಕೂಸಿನ್ನ ಮುಟ್ಟಬ್ಯಾಡ.”

“ಆತ್ರಿ ಅಕ್ಕಾ,” ಎಂದಳು ಉಮಾಬಾಯಿ.

ಹಟವೇನೋ ಗೆದ್ದಿತು. ಮಗು ಬಡಕಲಾಯಿತು, ಎದೆ ಗೊರಗೊರ ಅನ್ನತೊಡಗಿತು. ಅಮೃತಪ್ಪ ತಾಯಿ ಮಗಳನ್ನು ಆಗ ಹೊಸದಾಗಿ ಓಡುತ್ತಿದ್ದ ಸರ್ವಿಸ್ ಮೋಟಾರಿನಲ್ಲಿ ಸೋಲಾಪುರದ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದ.

“ಹುಟ್ಟುವಾಗ ಉಸಿರು ಸಿಕ್ಕಿಲ್ಲ. ಕೈಕಾಲು ಆಡಸೋ ಮಿದುಳಿಗೆ ಪೆಟ್ಟು ಬಿದ್ದೈತಿ,” ಎಂದಳು ಡಾಕ್ಟರಬಾಯಿ. “ಯಾರ ಶಾಪನೂ ಅಲ್ಲ, ಯಾರ ಮದ್ದೂ ಅಲ್ಲ. ಪೂರಾ ಹೋಗೂದಿಲ್ಲ. ಆದ್ರ ಹುಡುಗಿಗೆ ಬುದ್ಧಿ ಐತಿ. ಉಣಸೂದು ಹ್ಯಾಂಗ, ತೋರಿಸ್ರಿ.”

ಗುರುಬಾಯಿ ಅಂಗಾತ ಮಲಗಿಸಿದಳು. ಮಗು ಸೆಟೆಯಿತು.

“ತಲಿ ಹಿಂದ ಬಿದ್ರ ಮೈಯೆಲ್ಲಾ ಬಿಗಿತೈತಿ, ಉಂಡದ್ದು ಎದಿಗೆ ಇಳಿತೈತಿ. ಕಾಲು ಅಗಲಿಸಿ, ತಲಿ ಮುಂದ ಮಾಡಿ ಕುಂದರಸಬೇಕು, ಟೊಂಕದ ಮ್ಯಾಲೆ ಎತ್ಕೊಂಡಂಗ. ಮನ್ಯಾಗ ಯಾರರ ಹಂಗ ಎತ್ಕೋತಾರೇನು?”

“ಯಾರೂ ಇಲ್ರಿ,” ಎಂದಳು ಗುರುಬಾಯಿ. ಅಮೃತಪ್ಪ ಥಟ್ಟನೆ ಹೆಂಡತಿಯ ಮುಖ ನೋಡಿದ.

ಸುಳ್ಳು ಹೇಳುವುದು ಸುಲಭ, ಕೂಸನ್ನು ಕೂರಿಸುವುದಲ್ಲ. ಮನೆಗೆ ಬಂದು ಕದ ಹಾಕಿಕೊಂಡು ಟೊಂಕಕ್ಕೆ ಏರಿಸಲು ಹೋದರೆ ಮಗು ಕೊರಡಾಗಿ ಜಾರಿತು. ಮತ್ತೆ ಏರಿಸಿದಳು, ಮತ್ತೆ ಜಾರಿತು. ಕೂಸು ಹಸಿದು ನರಳಿದಾಗ ಗುರುಬಾಯಿಗೆ ತನ್ನ ಮೇಲೇ ಹೇಸಿಕೆ ಬಂತು. ಕದ ತೆಗೆದು ಬೀಸುವ ಕಲ್ಲಿನ ಹತ್ತಿರ ಹೋಗಿ ನಿಂತಳು.

“ಉಮಾ, ಹ್ಯಾಂಗ ಕುಂದ್ರಸ್ತಿ, ತೋರಸು.”

ಉಮಾಬಾಯಿ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. ಮಗುವನ್ನು ತಾನು ಎತ್ತಿಕೊಳ್ಳಲಿಲ್ಲ. ಅದರ ಮೊಣಕಾಲು ಮೆಲ್ಲಗೆ ಮಡಿಸಿ, ಆಮೇಲೆ ಅಗಲಿಸಿ, ಗುರುಬಾಯಿಯ ಟೊಂಕಕ್ಕೇ ಕೂರಿಸಿದಳು. “ಅವಸರ ಮಾಡಬ್ಯಾಡ್ರಿ, ಅಕ್ಕಾ. ಬಿಗಿ ತಾನ ಬಿಡ್ತದ.”

ಬಿಟ್ಟಿತು. ಮಗು ಒಂದು ತುತ್ತು ನುಂಗಿತು, ಇನ್ನೊಂದಕ್ಕೆ ಬಾಯಿ ತೆರೆಯಿತು. ಮುಷ್ಟಿ ಸಡಿಲಾಗಿ ತಾಯಿಯ ಭುಜದ ಮೇಲೆ ಬಂತು. ನಾನೇ ಉಣಿಸಿದೆ ಎಂದು ಗುರುಬಾಯಿ ಹಿಗ್ಗಿದಳು.

ಮಗು ಅವಳ ಭುಜದಾಚೆ ನೋಡಿ ತುಟಿ ಆಡಿಸಿತು.

“ಕಾ... ಕು.”

ಹುಟ್ಟಿದ ಮೇಲೆ ಅದರ ಮೊದಲ ಮಾತು. ಗುರುಬಾಯಿಯ ಎದೆಯಲ್ಲಿ ಆ ಹಳೆಯ ಕಿಚ್ಚು ಭಗ್ಗೆಂದಿತು. ಉಮಾಬಾಯಿಗೆ ಅದು ತಿಳಿಯಿತು. ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಬಾಗಿಲ ಕಡೆ ಸರಿದಳು. ಗುರುಬಾಯಿ ಅವಳ ಸೆರಗು ಹಿಡಿದಳು.

“ಎಲ್ಲಿ ಹೋಗ್ತಿ? ಇಲ್ಲೇ ನಿಂದ್ರು. ಇನ್ನೊಮ್ಮೆ ಅನ್ಲಿ.”