ಸುಕನ್ಯಾ ಮೇಡಂ ಹಾಕಿದ ಷರತ್ತು

ಕೂಡ್ಲಿಗಿಯ ರಮಾ ಬರೆದ ತೂಕದ ಸಾಫ್ಟ್‌ವೇರ್ ಕೊಟ್ಟೂರಿನ ಗವಿಸಿದ್ದೇಶನಿಗೆ ಬಹಳ ಹಿಡಿಸಿತ್ತು. ಶೇಂಗಾ ಚೀಲ ತಕ್ಕಡಿಗೆ ಬಿದ್ದ ಕೂಡಲೇ ರೈತನ ಹೆಸರು, ತೂಕ ಅಚ್ಚುಕಟ್ಟಾದ ಕನ್ನಡದಲ್ಲಿ ಚೀಟಿಯಾಗಿ ಬರುತ್ತಿತ್ತು. ತಾನು ಮಾರುವ ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲೇ ಅದನ್ನು ಕೂಡಿಸಿಕೊಡಲು ಅವನು ತಯಾರಾಗಿದ್ದ.

ಅದನ್ನು ಅವನಿಗೆ ಒಪ್ಪಿಸುವ ಮುಂಚೆ ರಮಾ ತಾನು ಬಳಸಿದ, ಬೇರೆಯವರು ಬರೆದಿಟ್ಟ ಕೋಡ್ ಲೈಬ್ರರಿಗಳ ಬಳಕೆಯ ಷರತ್ತು ಹೇಳುವ ಲೈಸೆನ್ಸ್‌ಗಳನ್ನು ಕೂತು ಓದಿದಳು. ಒತ್ತಕ್ಷರಗಳನ್ನು ಪ್ರಿಂಟರಿಗೆ ಜೋಡಿಸಿಕೊಡುವ ಲೈಬ್ರರಿಗೆ ಲೈಸೆನ್ಸೇ ಇರಲಿಲ್ಲ.

"ಇಲ್ಲಂದ್ರ ಚಲೋನ ಆತಲ್ಲ, ಯಾರು ಬೇಕಾದ್ರೂ ತಗೋಬಹುದು," ಎಂದ ಗವಿಸಿದ್ದೇಶ ಫೋನಿನಲ್ಲಿ.

"ಹಂಗಲ್ಲಣ್ಣ. ಬರ್ದೋರು ಒಪ್ಪಿಗಿ ಕೊಡದ ಮಾರಾಕ ಬರಂಗಿಲ್ಲ."

"ಕೂಡ್ಲಿಗ್ಯಾಗ ಕುಂತು ಮಾಡಿದ್ದನ್ನ ಯಾರು ನೋಡ್ತಾರವಾ?"

"ನಾ ನೋಡೀನಲ್ಲ," ಎಂದಳು ರಮಾ.

ಅದನ್ನು ಬರೆದವರು ಹಡಗಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಸುಕನ್ಯಾ. ಮರುದಿನವೇ ರಮಾ ಬಸ್ಸು ಹತ್ತಿದಳು. ಚೀಟಿ ನೋಡಿ ಸುಕನ್ಯಾ ಮುಖವರಳಿಸಿದರು.

"ನೆಟ್ಟಿಗೆ ಹಾಕಿ ಮರ್ತೇಬಿಟ್ಟಿದ್ನಿ. ತಗೊಂಡ್ ಹೋಗವಾ."

"ಬಾಯಿಮಾತು ಸಾಲಂಗಿಲ್ರಿ ಮೇಡಂ. ಒಂದು ಲೈಸೆನ್ಸ್ ಹಾಕ್ರಿ. ಎಂಥಾದ್ದು ಅಂತ ನೀವ ಹೇಳ್ರಿ."

ಸುಕನ್ಯಾ ಸ್ವಲ್ಪ ಯೋಚಿಸಿದರು. "ಮಾರ್ಲಿ, ಬ್ಯಾಡನ್ನಂಗಿಲ್ಲ. ಆದ್ರ ನನ್ನ ಲೈಬ್ರರಿ ತಿದ್ದಿ ಯಾರಿಗಾದ್ರೂ ಕೊಟ್ರ, ಆ ತಿದ್ದಿದ ಕೋಡನ್ನೂ ಜೊತಿಗೇ ಕೊಡಬೇಕು."

ಆ ಲೈಬ್ರರಿಯಲ್ಲಿ ರಮಾ ಆಗಲೇ ಬೇಕಾದಷ್ಟು ತಿದ್ದಿದ್ದಳು. ಗವಿಸಿದ್ದೇಶನಿಗೋ ಕೋಡಿನ ಒಂದು ಸಾಲೂ ಹೊರಗೆ ಹೋಗಬಾರದೆಂಬ ಹಟ. ಆದರೂ ಮೇಡಂ ಕೇಳಿದ್ದು ನ್ಯಾಯವೇ ಅನ್ನಿಸಿತು. ಇಬ್ಬರೂ ಲ್ಯಾಬಿನಲ್ಲೇ ಕೂತು ಅಂಥದೊಂದು ಲೈಸೆನ್ಸ್ ಹುಡುಕಿ ಹಾಕಿದರು.

ಸಂಜೆ ಕೊಟ್ಟೂರಿನ ಅಂಗಡಿಯಲ್ಲಿ ಗವಿಸಿದ್ದೇಶ ಸಿಡಿದೆದ್ದ. "ನಮ್ಮ ಸಾಫ್ಟ್‌ವೇರ್ ಊರಿಗೆಲ್ಲ ಹಂಚಬೇಕೇನು?"

"ಇಲ್ಲಣ್ಣ. ತೂಕದ ಕೆಲಸದ್ದೆಲ್ಲ ನಮ್ಮ ಹತ್ರಾನ ಇರ್ತೈತಿ. ಅಕ್ಷರ ಜೋಡಿಸೋದಷ್ಟ ತೆರೆದಿಡಬೇಕು. ಅದನ್ನ ಬ್ಯಾರೆ ಫೈಲ್ ಮಾಡಿ ಇಡ್ತೀನಿ. ಬ್ಯಾಡಂದ್ರ ನಾನ ಹೊಸದು ಬರೀಬೇಕು, ಅಷ್ಟರಾಗ ಸುಗ್ಗಿ ಮುಗಿತೈತಿ."

ಅವನು ತಕ್ಕಡಿಗಳ ಸಾಲನ್ನೊಮ್ಮೆ ನೋಡಿದ. "ಮೇಡಂ ಹೆಸರೂ ಹಾಕಬೇಕೇನು?"

"ಹಾಕಲೇಬೇಕು."

"ಹಾಕು ಹಂಗಾದ್ರ. ನಿಂದೂ ಹಾಕು, ಬಿಡಬ್ಯಾಡ."

ರಮಾ ತನ್ನ ತಿದ್ದುಪಡಿಗಳನ್ನು ಅಂದೇ ನೆಟ್ಟಿಗೆ ಹಾಕಿದಳು. ಸುಗ್ಗಿಯ ಹೊತ್ತಿಗೆ ತಕ್ಕಡಿಗಳು ಹರಪನಹಳ್ಳಿಯವರೆಗೂ ಹೋದವು. ಅಷ್ಟರಲ್ಲಿ ಯಾರೋ ಗುರುತಿಲ್ಲದವರು ಆ ಕೋಡಿನಲ್ಲಿದ್ದ ಅರ್ಕಾವೊತ್ತಿನ ಒಂದು ತಪ್ಪು ಸರಿಪಡಿಸಿ ಕಳಿಸಿದರು. ದುರ್ಗಪ್ಪ ಎಂಬ ರೈತನ ಹೆಸರು ಚೀಟಿಯಲ್ಲಿ ಮೊದಲ ಸಲ ಸರಿಯಾಗಿ ಮೂಡಿತು. ರಮಾ ಅದರ ಫೋಟೋ ತೆಗೆದು ಹಡಗಲಿಗೆ ಕಳಿಸಿದಳು.