ಷರಾ

"ಟೀಚರ್, ಈ ಪಾಠ ಮುಗಿಯೋವರೆಗೂ ನಾನು ಹೊರಗೆ ಕೂತ್ಕೊಳ್ಲಾ?"

ಕೊನೆಯ ಬೆಂಚಿನ ಹುಡುಗಿ ಆಗಲೇ ಚೀಲ ಹೆಗಲಿಗೇರಿಸಿದ್ದಳು. ಟೀಚರ್ ಬೋರ್ಡಿನತ್ತ ನೋಡಿದರು. 'ಕಾಣೆಯಾದ ಆದಿವಾಸಿ ಹೆಣ್ಣುಮಕ್ಕಳು' ಎಂಬ ತಲೆಬರಹ. ಕೆಳಗೆ ವರ್ಷಕ್ಕೆ ಎಷ್ಟು ಮಂದಿ, ದೂರು ದಾಖಲಾದದ್ದು ಎಷ್ಟು ಎಂಬ ಎರಡು ಸಾಲು. ತರಗತಿಯಲ್ಲಿ ಬೆಟ್ಟದ ಮೇಲಿನ ಆ ಜನರ ಪೈಕಿ ಇದ್ದವಳು ಅವಳೊಬ್ಬಳೇ. ಮುಂದಿನವರೆಲ್ಲ ಕತ್ತು ಹೊರಳಿಸಿ ಅವಳನ್ನೇ ನೋಡುತ್ತಿದ್ದರು.

"ಯಾಕಮ್ಮ?"

"ಆ ಲೆಕ್ಕದಲ್ಲಿ ನಮ್ ಚಿಕ್ಕಮ್ಮ ಇಲ್ಲ ಟೀಚರ್. ಹತ್ತೊಂಬತ್ತು ವರ್ಷದ ಹಿಂದೆ ಸ್ಕೂಲಿಂದ ಬರ್ತಾ ಕಾಣೆಯಾದ್ಲು. ಸ್ಟೇಷನ್ನಲ್ಲಿ ದೂರೇ ತಗೊಳ್ಳಲಿಲ್ವಂತೆ. ಮದುವೆ ಆಗಿ ಹೋಗಿದ್ದಾಳೆ, ಸ್ಕೂಲ್ ರಿಜಿಸ್ಟರ್‌ನಲ್ಲೇ ಬರೆದಿದೆ ಅಂದ್ರಂತೆ."

ಯಾವ ಸ್ಕೂಲು ಎಂದು ಟೀಚರ್ ಕೇಳಲಿಲ್ಲ. ಆ ಊರಿಗಿದ್ದದ್ದು ಒಂದೇ ಸ್ಕೂಲು.

ಊಟದ ಬಿಡುವಿನಲ್ಲಿ ಅವರು ಆಫೀಸಿನ ಬೀರು ತೆಗೆಸಿದರು. "ಇಷ್ಟು ಹಳೇದು ಯಾಕೆ? ಪ್ರೇಮಪತ್ರ ಏನಾದ್ರೂ ಬಚ್ಚಿಟ್ಟಿದ್ರಾ?" ಎನ್ನುತ್ತ ಅಟೆಂಡರ್ ಧೂಳು ಕೊಡವಿಕೊಟ್ಟಳು. ಹತ್ತೊಂಬತ್ತು ವರ್ಷದ ಹಿಂದಿನ ಹಾಜರಿ ಪುಸ್ತಕ. ಒಂದು ಹೆಸರಿನ ಮೇಲೆ ಕೆಂಪು ಗೀಟು. ಪಕ್ಕದ ಷರಾ ಕಾಲಮ್ಮಿನಲ್ಲಿ, 'ಮದುವೆಯಾಗಿ ಹೋಗಿದ್ದಾಳೆ.' ಗುಂಡುಗುಂಡಗಿನ ಆ ಅಕ್ಷರ ಅವರದೇ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಹದಿನೈದು ದಿನ ಬಾರದವರ ಹೆಸರು ಹೊಡೆದು ಕಾರಣ ಬರೆಯಬೇಕಿತ್ತು. "ಬೆಟ್ಟದ ಹುಡುಗೀರು ತಾನೇ? ಮದುವೆ ಅಂತ ಬರೆದು ಕೈ ತೊಳ್ಕೊಳ್ಳಿ" ಎಂದಿದ್ದರು ಯಾರೋ ಹಿರಿಯರು. ಟೀಚರ್ ಹಾಗೇ ಬರೆದಿದ್ದರು. ಪೆನ್ಸಿಲ್ ತುದಿ ಕಚ್ಚುತ್ತ ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿ. ಅವಳ ಮುಖ ಈಗ ಎಷ್ಟು ನೆನೆದರೂ ಪೂರ್ತಿ ಬರಲೊಲ್ಲದು.

ಅಟೆಂಡರ್ ಇಣುಕಿ ನೋಡಿ ದನಿ ತಗ್ಗಿಸಿದಳು. "ಒಳಗಿಟ್ಬಿಡಿ ಟೀಚರ್. ಇಷ್ಟು ವರ್ಷ ಸರ್ವಿಸ್ ಆದ್ಮೇಲೆ ಕೆಲಸಕ್ಕೇ ಕುತ್ತು ತಂದ್ಕೋತೀರಾ?"

ಪುಸ್ತಕ ಬೀರುವಿಗೆ ಮರಳಲಿಲ್ಲ. ಸಂಜೆ ಗೇಟಿನ ಬಳಿ ಟೀಚರ್ ಹುಡುಗಿಯನ್ನು ನಿಲ್ಲಿಸಿ, "ನಾಳೆ ನಿಮ್ಮಜ್ಜೀನ ಕರ್ಕೊಂಡು ಬರ್ತೀಯಾ?" ಎಂದರು.

ಹುಡುಗಿಯ ಮುಖ ಬಾಡಿತು. "ಹೊರಗೆ ಹೋಗ್ತೀನಿ ಅಂದಿದ್ದಕ್ಕಾ?"

"ಅಲ್ಲ ಕಣೇ. ತಪ್ಪು ಮಾಡಿರೋದು ನಾನು."

ಮರುದಿನ ಅಜ್ಜಿ ಬಂದು ಮೊಮ್ಮಗಳ ಪಕ್ಕ ಕೂತಳು. "ಈ ಬೆಂಚು ಮಾಡಿದೋನಿಗೆ ಸೊಂಟಾನೇ ಇರಲಿಲ್ಲ ಅನ್ಸುತ್ತೆ" ಎಂದಾಗ ಮಕ್ಕಳು ಗೊಳ್ಳೆಂದರು. ಟೀಚರ್ ನಗಲಿಲ್ಲ. ಪುಸ್ತಕವನ್ನು ಅವಳ ಮುಂದೆ ಬಿಚ್ಚಿಟ್ಟು, ಇಡೀ ತರಗತಿಗೆ ಕೇಳುವಂತೆ ಹೇಳಿದರು: "ಮದುವೆ ಅಂತ ಬರೆದೋಳು ನಾನೇ ಅಜ್ಜಿ. ನಿಮ್ಮನೆಗೆ ಬಂದು ಒಂದು ಮಾತು ಕೇಳದೆ ಬರೆದೆ."

ಓದು ಬಾರದ ಅಜ್ಜಿ, "ನನ್ ಮಗಳು ಎಲ್ಲಿದ್ದಾಳೆ ಇದರಲ್ಲಿ?" ಎಂದಳು. ಹುಡುಗಿ ಬೆರಳಿಟ್ಟು ತೋರಿಸಿದಳು. ಅಜ್ಜಿ ಕೆಂಪು ಗೀಟನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದಳು. ಅದು ಹೋಗಲಿಲ್ಲ.

"ನೀನೂ ಆಗ ಚಿಕ್ಕೋಳೇ," ಎಂದಳು. "ಆದ್ರೂ ಒಂದ್ಸಲ ಬರಬೇಕಿತ್ತು ತಾಯಿ. ನಮ್ ಬೆಟ್ಟ ಅಷ್ಟೇನೂ ಎತ್ತರ ಇಲ್ಲ."

ಟೀಚರ್ ಇಂಕಿನ ಪೆನ್ನು ತೆಗೆದು ಹಳೆಯ ಷರಾದ ಕೆಳಗೆ ಬರೆದು, ತಾರೀಖು ಹಾಕಿ, ಸಹಿ ಮಾಡಿದರು. ಅಜ್ಜಿ ಮೊಮ್ಮಗಳ ತೋಳು ತಿವಿದಳು. "ಓದೇ, ಜೋರಾಗಿ."

"ಮೇಲಿನದು ಸುಳ್ಳು. ಈ ವಿದ್ಯಾರ್ಥಿನಿ ಶಾಲೆಯಿಂದ ಮನೆಗೆ ಹೋಗುವಾಗ ಕಾಣೆಯಾದಳು. ನಾನು ವಿಚಾರಿಸಲಿಲ್ಲ."

"ಸ್ಟೇಷನ್ನಿಗೆ ಇದನ್ನ ತಗೊಂಡು ಹೋಗೋಣ. ನಾನೂ ಬರ್ತೀನಿ" ಎನ್ನುತ್ತ ಟೀಚರ್ ಪುಸ್ತಕ ಮುಚ್ಚಲು ಹೋದರು. ಅಜ್ಜಿ ಅವರ ಕೈ ಹಿಡಿದಳು.

"ತಡಿ, ಇನ್ನೂ ಹಸಿ ಇದೆ."

ಅವಳು ಬಗ್ಗಿ, ಕಣ್ಣು ಮುಚ್ಚಿಕೊಂಡು, ಆ ಸಾಲಿನ ಮೇಲೆ ಮೆಲ್ಲಮೆಲ್ಲಗೆ ಊದತೊಡಗಿದಳು.